ಶನಿವಾರದ ಹ್ವಾಯ್

ಅವರ ಎಡಗೈಯ ನಾಲ್ಕು ಬೆರಳುಗಳ ತುದಿ ಉಗುರಿಗಿಂತ ಗಟ್ಟಿಯಾಗಿತ್ತು. ಮೂವತ್ತು ವರ್ಷ ಗಿಟಾರಿನ ತಂತಿ ಒತ್ತಿ ಒತ್ತಿ ಅಲ್ಲಿನ ಚರ್ಮ ದಡ್ಡುಗಟ್ಟಿ ಹಳದಿಯಾಗಿತ್ತು. ಬಲಗೈಯ ಕಥೆ ಬೇರೆ. ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಎಳೆಯುವ ಕೊಕ್ಕೆ ಹಿಡಿದು ಹಿಡಿದು ಅಂಗೈಗೆ ಅಡ್ಡಲಾಗಿ ಗಾಯದ ಗೆರೆಗಳು ಬಿದ್ದಿದ್ದವು. ಮಾತಾಡುವಾಗ ಎಡಗೈಯ ಆ ನಾಲ್ಕು ಬೆರಳುಗಳಿಂದ ಸ್ಟುಡಿಯೋದ ಮೇಜು ಬಡಿಯುವುದು ಅವರ ಅಭ್ಯಾಸ. ಟಕ್ ಟಕ್, ಟಕ್ ಟಕ್. ಮೈಕು ಅದನ್ನೆಲ್ಲ ಹಿಡಿಯುತ್ತಿತ್ತು. ನಾನು ಆಮೇಲೆ ಹೆಡ್‌ಫೋನ್ ಹಾಕಿ ಕೂತು ಒಂದೊಂದೇ ಟಕ್ಕನ್ನು ಹುಡುಕಿ ತೆಗೆಯುತ್ತಿದ್ದೆ.

ತೆಗೆಯುವುದೇ ನನ್ನ ಕೆಲಸವಾಗಿತ್ತು. ಈಗಲೂ ಅದೇ ಕೆಲಸ. ಕುಂದಾಪುರದ ಹೊರಗೆ ಒಂದು ವಿದ್ಯಾಸಂಸ್ಥೆ ನಡೆಸುವ ಸಣ್ಣ ಸಮುದಾಯ ರೇಡಿಯೋದಲ್ಲಿ ನಾನು ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ತಿದ್ದುತ್ತೇನೆ. ಕೆಮ್ಮು ತೆಗೆ, ತಡವರಿಕೆ ತೆಗೆ, ಹೊರಗೆ ಕೂಗಿದ ಕಾಗೆ ತೆಗೆ. ಒಬ್ಬ ಮನುಷ್ಯನ ಕಾರ್ಯಕ್ರಮದಿಂದ ನಾನು ಏನು ತೆಗೆದೆ ಎನ್ನುವುದನ್ನು ಬರೆಯಲು ಕೂತಿದ್ದೇನೆ. ನೆನಪು ಮಾಡಿಕೊಂಡು ಕಣ್ಣೀರು ಹಾಕುವ ಬರಹ ಇದಲ್ಲ. ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಕೇಳಿದರೆ ದೊಡ್ಡ ಪಟ್ಟಿಯೇ ಇದೆ, ಮೊದಲ ಹೆಸರು ನನ್ನದು.

ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಕೇಳುಗರಿಗೆ ಅವರು ಶನ್ವಾರದಣ್ಣ. ತ್ರಾಸಿಯವರು, ಮೀನುಗಾರರ ಮನೆ. ಎಳೆಯ ವಯಸ್ಸಿನಲ್ಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವರು. ಅಲ್ಲಿ ಪಕ್ಕದ ಖೋಲಿಯಲ್ಲಿ ಹಡಗಿನ ಕೆಲಸ ಬಿಟ್ಟು ಕೂತಿದ್ದ ಮುದುಕರೊಬ್ಬರು ಗಿಟಾರ್ ಕಲಿಸಿದರಂತೆ. ಆಮೇಲೆ ನಾಲ್ಕು ಜನ ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿ ಹದಿನೈದು ವರ್ಷ ಕಾಲೇಜು, ಬಾರು, ಸಿಕ್ಕಿದ ವೇದಿಕೆಗಳಲ್ಲೆಲ್ಲ ನುಡಿಸಿದರು. ತಾಯಿಗೆ ಪಾರ್ಶ್ವವಾಯು ಬಡಿದಾಗ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಹಗಲು ಐಸ್ ಪ್ಲಾಂಟಿನಲ್ಲಿ ಕೆಲಸ, ಬಿಡುವಾದಾಗ ಬಲೆ ಇಡುವ ಶೆಡ್ಡಿನಲ್ಲಿ ಇನ್ನಿಬ್ಬರನ್ನು ಕಟ್ಟಿಕೊಂಡು ಗಿಟಾರ್. ಗಂಟೆಗಟ್ಟಲೆ ಅಬ್ಬರ. ಅಕ್ಕಪಕ್ಕದವರು ಬೈದರೆ, "ನಿಮ್ಮ್ ಮೋಟಾರ್ ದೋಣಿಗಿಂತ ಜೋರಿತ್ತಾ? ಇಲ್ಲೆ ಅಲ್ದಾ? ಅಡ್ಡಿಲ್ಲೆ ಹಂಗಾರೆ" ಎನ್ನುತ್ತಿದ್ದರು.

ಅಡ್ಡಿಲ್ಲೆ ಎನ್ನುವುದು ಅವರ ಬಾಯಲ್ಲಿ ಸದಾ ಇದ್ದ ಮಾತು. ಮಳೆಗೆ ನೆನೆದರೂ ಅಡ್ಡಿಲ್ಲೆ, ಬಸ್ ತಪ್ಪಿದರೂ ಅಡ್ಡಿಲ್ಲೆ. ಸಮುದ್ರದ ಗಾಳಿಗೆ ಗಿಟಾರಿನ ತಂತಿ ತಿಂಗಳಿಗೇ ತುಕ್ಕು ಹಿಡಿಯುತ್ತಿತ್ತು. ದಪ್ಪ ತಂತಿಗಳನ್ನು ಬಿಚ್ಚಿ, ನೀರಲ್ಲಿ ಕುದಿಸಿ, ಒರೆಸಿ, ತೆಂಗಿನೆಣ್ಣೆಯ ಬಟ್ಟೆ ಎಳೆದು ಮತ್ತೆ ಕಟ್ಟುತ್ತಿದ್ದರು. ಕುದಿಸುವುದು ಗಂಜಿಯ ಪಾತ್ರೆಯಲ್ಲಿ. ಅತ್ತಿಗೆ, ಎಂದರೆ ಅವರ ಹೆಂಡತಿ, ಒಂದು ಸಲ ನನ್ನೆದುರೇ ಆ ಪಾತ್ರೆಯನ್ನು ಅಂಗಳಕ್ಕೆ ಎಸೆದಿದ್ದರು. "ಹ್ವಾಯ್, ಇವತ್ತ್ ಗಂಜಿ ಇಲ್ಲೆ. ಆ ತಂತಿಯನ್ನೇ ಉಣ್ಣಿ" ಎಂದರು. ಅಣ್ಣ ಪಾತ್ರೆ ಹೆಕ್ಕಿಕೊಂಡು ಬಂದು, ತೊಳೆದು, ತಾವೇ ಗಂಜಿಗೆ ಇಟ್ಟರು.

ಬೇರೆ ಸೀಮೆಯವರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ಹ್ವಾಯ್ ಎಂದರೆ ನಮ್ಮಲ್ಲಿ ಕರೆಯುವ ಮಾತು. ಬೇರೆ ಕಡೆಯವರು 'ರೀ' ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಅದರ ಹಿಂದೆ 'ನೀವು' ಬರುತ್ತದೆ. ಹೆಂಡತಿ ಗಂಡನನ್ನು ಹಾಗೆ ಕರೆಯುತ್ತಾಳೆ, ದಾರಿಯಲ್ಲಿ ಹೋಗುವ ಅಪರಿಚಿತರನ್ನೂ ಹಾಗೆಯೇ ಕರೆಯುತ್ತೇವೆ. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಗೊತ್ತಿದ್ದೂ ಹೇಳಬಾರದಿದ್ದರೂ ನಡೆಯುತ್ತದೆ. ಕಿವಿಗೆ ಒರಟು ಅನ್ನಿಸಬಹುದು, ಆದರೆ ಅದರಲ್ಲಿ ಅಗೌರವ ಒಂದು ಚೂರೂ ಇಲ್ಲ. ಇದು ಕುಂದಾಪುರದ ಕಡೆಯ ಪ್ರತಿಯೊಬ್ಬರಿಗೂ ಗೊತ್ತು. ನನಗೂ ಗೊತ್ತಿತ್ತು, ನಮ್ಮ ನಿರ್ದೇಶಕರಿಗೂ ಗೊತ್ತಿತ್ತು.

ಅಣ್ಣನ ಕಾರ್ಯಕ್ರಮ ಶನಿವಾರ ಸಂಜೆ ಆರರಿಂದ ಏಳು. ರಾಕ್ ಸಂಗೀತದ ಕಾರ್ಯಕ್ರಮ. ತ್ರಾಸಿಯ ಆಚೆ ನಮ್ಮ ತರಂಗ ಸಿಗುವುದಿಲ್ಲ. ಹಾಲಾಡಿಯಲ್ಲಿ ಜಂಕ್ಷನ್ನಿನ ಎತ್ತರದ ಕಟ್ಟಡದ ಮೇಲೆ ಹತ್ತಿ ನಿಂತರೆ ಸಿಗುತ್ತದಂತೆ. ಬ್ರಹ್ಮಾವರದ ನಮ್ಮ ಮನೆಯಲ್ಲಂತೂ ಬರೀ ಸರಸರ. ಇಷ್ಟು ಸಣ್ಣ ಸೀಮೆಯಲ್ಲಿ, ಬಲೆ ಹೆಣೆಯುವವರು, ಮೀನು ಒಣಗಿಸುವವರು, ಹಂಚಿನ ಕಾರ್ಖಾನೆಯಿಂದ ಬಂದು ಕಾಲು ಚಾಚಿದವರು ಕೇಳುವ ಹೊತ್ತಿನಲ್ಲಿ ರಾಕ್ ಯಾರಿಗೆ ಬೇಕು ಎಂದು ನಾವೆಲ್ಲ ಮೊದಲು ನಕ್ಕಿದ್ದೆವು. ಅಣ್ಣ ಮೈಕಿನ ಮುಂದೆ ಕೂತರು, ಉಸಿರು ಎಳೆದುಕೊಂಡರು.

"ಹ್ವಾಯ್! ಎಂತ ಮಾಡ್ತಿದ್ರಿ? ಬಲೆ ಬದಿಗಿಡಿ, ಮೀನ್ ಕೊಯ್ಯುದ್ ಬಿಡಿ, ಒಂದ್ ಗಳ್ಗಿ ಕೂಕಣಿ."

ಆ ಹ್ವಾಯ್ ಇದೆಯಲ್ಲ, ಅದು ಗಂಟಲಿಂದ ಬರುತ್ತಿರಲಿಲ್ಲ, ಹೊಟ್ಟೆಯಿಂದ ಬರುತ್ತಿತ್ತು. ದಂಡೆಯಲ್ಲಿ ನಿಂತು ದೋಣಿಯಲ್ಲಿರುವವರನ್ನು ಕರೆಯುವ ಹಾಗೆ ಉದ್ದ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ. ನನ್ನ ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತಿತ್ತು. "ಅಣ್ಣ, ಸ್ವಲ್ಪ ಮೆಲ್ಲ" ಎಂದರೆ, "ಮೆಲ್ಲ ಕರುಕೆ ಎಂತ ಗುಟ್ಟಾ ತಂಗಿ ಅದ್?" ಎನ್ನುತ್ತಿದ್ದರು.

ಮೊದಲ ವಾರವೇ ರಿಫ್ ಎಂದರೇನು ಎಂದು ಹೇಳಿಕೊಟ್ಟರು. ರಾಕ್ ಹಾಡಿನಲ್ಲಿ ಗಿಟಾರಿನ ಒಂದು ತುಣುಕು ಮತ್ತೆ ಮತ್ತೆ ಬರುತ್ತದಲ್ಲ, ಅದಕ್ಕೆ ಆ ಹೆಸರು. "ಕೈರಂಪಣಿ ಬಲೆ ಎಳುವತಿಗೆ ಎಲ್ಲರೂ ಸೇರಿ ಒಂದೇ ಕೂಗ್ ಕೂಗ್ತ್ರಲೆ? ಒಂದ್ ಕೂಗಿಗೆ ಒಂದ್ ಮೊಳ ಬತ್ತ್. ಗಿಟಾರಂಗೂ ಅಷ್ಟೆ. ಆ ಕೂಗೇ ರಿಫ್. ಬಿಟ್ರೆ ಬಲೆ ವಾಪಸ್ ಹೋತ್ತ್." ಹೀಗೆ ಹೇಳಿ, ದಂಡೆಯಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವ ಆ ಕೂಗನ್ನೇ ಗಿಟಾರಿನಲ್ಲಿ ನುಡಿಸಿದರು, ಹಿಂದೆಯೇ ದೂರದೇಶದ ಒಂದು ರಾಕ್ ಹಾಡು ಹಾಕಿದರು. ಎರಡೂ ಅಕ್ಕತಂಗಿಯರ ಹಾಗೆ ಕೇಳಿಸಿದವು. ಅವತ್ತು ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತ ಎರಡು ತಿಂಗಳು ಐಸ್ ಪ್ಲಾಂಟ್‌ಗೂ ಕೆಲಸವಿಲ್ಲ. ಆಗ ಬಲೆ ಹೆಣೆಯುವ ಗಂಡಸರನ್ನು, ಮೀನು ಮಾರುವ ಹೆಂಗಸರನ್ನು ಸ್ಟುಡಿಯೋಕ್ಕೇ ಕರೆತಂದು ಹಾಡಿಸುತ್ತಿದ್ದರು, ಹಿಂದೆ ಗಿಟಾರ್ ಗುಡುಗುತ್ತಿತ್ತು.

ಸಿಡುಕಿನ ಮನುಷ್ಯ. ಮದುವೆ ಮನೆಯಲ್ಲಿ ಸಿನಿಮಾ ಹಾಡು ನುಡಿಸಿ ಎಂದು ಕೇಳಿದವರಿಗೆ ಬಾಯಿಗೆ ಬಂದ ಹಾಗೆ ಬೈದದ್ದನ್ನು ಕೇಳಿದ್ದೇನೆ. "ಸಿಟ್ಟ್ ಇಲ್ದೆ ಇದನ್ನ್ ಮುಟ್ಟುಕಾಗ" ಎಂದು ಗಿಟಾರಿನ ಹೊಟ್ಟೆಗೆ ಬಡಿಯುತ್ತಿದ್ದರು. ನನ್ನ ಮೇಲೆ ಮಾತ್ರ ಸಿಟ್ಟು ಮಾಡಿದ್ದು ಒಂದೇ ಸಲ. ಅದಕ್ಕೆ ಬರುತ್ತೇನೆ.

ಎರಡನೆಯ ವರ್ಷ ನಮಗೆ ಹೊಸ ನಿರ್ದೇಶಕರು ಬಂದರು. ಎಲ್ಲಿಂದಲೋ ಬಂದವರಲ್ಲ, ಕುಂದಾಪುರದವರೇ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಬಾಗಿಲು ಹಾಕಿಕೊಂಡು ತಾಯಿಯ ಹತ್ತಿರ ಫೋನಿನಲ್ಲಿ, "ಎಂತ ಅಬ್ಬೆ, ಮದ್ದ್ ತಕಂಡ್ಯಾ? ಉಂಡಾಯ್ತಾ?" ಎನ್ನುವುದು ಗೋಡೆಯ ಈಚೆ ನನಗೆ ಕೇಳುತ್ತಿತ್ತು. ಫೋನ್ ಇಟ್ಟು ಹೊರಬಂದರೆ ಬೇರೆಯೇ ಮನುಷ್ಯ. ಎಲ್ಲ ಕಾರ್ಯಕ್ರಮವನ್ನೂ ಗುರುವಾರವೇ ಧ್ವನಿಮುದ್ರಿಸಿಡಬೇಕು, ನೇರಪ್ರಸಾರ ಬೇಡ ಎಂದು ಆಜ್ಞೆಯಾಯಿತು. ಮುಂದಿನ ವಾರ ನನ್ನನ್ನು ಒಳಗೆ ಕರೆದರು.

"ಮೇಡಂ, ಶನಿವಾರದ ಕಾರ್ಯಕ್ರಮ ಚೆನ್ನಾಗಿದೆ. ಸ್ವಲ್ಪ ಸ್ಥಳೀಯ ಸೊಗಡು ಇರಲಿ, ಬೇಡ ಎನ್ನುವುದಿಲ್ಲ. ಆದರೆ ಆ ಹ್ವಾಯ್ ಎಂದು ಕಿರುಚುವುದಿದೆಯಲ್ಲ, ಅದು ಬೇಡ. ರೇಡಿಯೋ ಎಂದರೆ ಮೀನು ಮಾರ್ಕೆಟ್ ಅಲ್ಲ. ಅವರಿಗೆ ಹೇಳುವುದು ಬೇಡ, ಬೇಜಾರು ಮಾಡಿಕೊಳ್ಳುತ್ತಾರೆ. ನೀವೇ ಸದ್ದಿಲ್ಲದೆ ತೆಗೆದುಬಿಡಿ."

ನಾನು ಏನು ಹೇಳಬೇಕಿತ್ತು? "ಸರ್, ನಿಮ್ಮ ಅಮ್ಮ ನಿಮ್ಮ ಅಪ್ಪನನ್ನು ಏನೆಂದು ಕರೆಯುತ್ತಿದ್ದರು?" ಎಂದು ಕೇಳಬೇಕಿತ್ತು. ಕೇಳಲಿಲ್ಲ. "ಆಯಿತು ಸರ್" ಎಂದೆ.

ಹೆದರಿಕೆಯಿಂದ ಹಾಗೆಂದೆ ಎಂದರೆ ಅರ್ಧ ಸುಳ್ಳು. ಮಂಗಳೂರಿನಲ್ಲಿ ಓದುವಾಗ ಒಂದು ದಿನ ತರಗತಿಯಲ್ಲಿ 'ನಾನು ಹೋಗುತ್ತೇನೆ' ಎನ್ನುವಲ್ಲಿ ಬಾಯಿತಪ್ಪಿ "ನಾ ಹೋತೆ" ಎಂದಿದ್ದೆ. ಇಡೀ ತರಗತಿ ನಕ್ಕಿತು, ಪಾಠ ಮಾಡುವವರೂ ನಕ್ಕರು. ವರ್ಷವಿಡೀ ಅದೇ ನನ್ನ ಅಡ್ಡಹೆಸರಾಯಿತು. ಅಂದಿನಿಂದ ನಾಲಿಗೆಯನ್ನು ತಿಕ್ಕಿ ತೊಳೆದು ಇಟ್ಟುಕೊಂಡವಳು ನಾನು. ನಿರ್ದೇಶಕರು ಹ್ವಾಯ್ ತೆಗೆಯಿರಿ ಎಂದಾಗ ಒಳಗೆಲ್ಲೋ ನನಗೆ ಸಮಾಧಾನವೇ ಆಯಿತು. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿದೆ.

ಪ್ರತಿ ಗುರುವಾರ ಅಣ್ಣ ಬರುತ್ತಿದ್ದರು, ಉಸಿರು ಎಳೆದುಕೊಂಡು ಕರೆಯುತ್ತಿದ್ದರು. ಪ್ರತಿ ಶುಕ್ರವಾರ ನಾನು ಆ ಕರೆಯನ್ನು ಕತ್ತರಿಸುತ್ತಿದ್ದೆ. ಒಂದೂವರೆ ಸೆಕೆಂಡು ಉದ್ದ, ಅಷ್ಟೆ. ಕತ್ತರಿಸಿದ ಚೂರುಗಳನ್ನು ಒಂದು ತಿಂಗಳು ಇಟ್ಟಿರಬೇಕು ಎಂಬ ನಿಯಮ ನಮ್ಮಲ್ಲಿತ್ತು, ಯಾರಾದರೂ ತಕರಾರು ತೆಗೆದರೆ ಬೇಕಾಗುತ್ತದೆ ಎಂದು. ನಾನು ನನ್ನ ಪೆನ್‌ಡ್ರೈವಿನಲ್ಲಿ 'ಕಸ' ಎಂದು ಹೆಸರಿಟ್ಟು ಒಂದು ಫೋಲ್ಡರ್ ಮಾಡಿ ಅದಕ್ಕೆ ಹಾಕುತ್ತಿದ್ದೆ. ತಿಂಗಳಾದ ಮೇಲೆ ಅಳಿಸಬೇಕಿತ್ತು, ಅಳಿಸಲಿಲ್ಲ. ಅದರಲ್ಲಿ ಪ್ರೀತಿ ಗೀತಿ ಏನೂ ಇರಲಿಲ್ಲ, ಸೋಮಾರಿತನ.

ಅಣ್ಣನಿಗೆ ಇದು ಒಂದೂವರೆ ವರ್ಷ ಗೊತ್ತಾಗಲೇ ಇಲ್ಲ. ನೇರಪ್ರಸಾರ ನಿಂತ ಮೇಲೆ ಶನಿವಾರ ಸಂಜೆಯೂ ಐಸ್ ಪ್ಲಾಂಟಿನಲ್ಲಿ ಅವರ ಪಾಳಿ. ಅಲ್ಲಿ ಯಂತ್ರದ ಸದ್ದಿಗೆ ಪಕ್ಕದವರ ಮಾತೇ ಕೇಳದು, ಇನ್ನು ರೇಡಿಯೋ ಎಲ್ಲಿ. ಗೊತ್ತುಮಾಡಿದವರು ಮೀನು ಮಾರುವ ಒಬ್ಬ ಅಮ್ಮ. ಬುಟ್ಟಿ ಹೊತ್ತು ಗುಲ್ವಾಡಿಯ ಕಡೆ ಮನೆಮನೆಗೆ ಹೋಗುವವರು. ಅವರು ಐಸ್ ತೆಗೆದುಕೊಳ್ಳಲು ಬಂದಾಗ ಅಣ್ಣನನ್ನು ಕೇಳಿದರಂತೆ, "ಎಂತ ಮಗಾ, ಈಗೀಗ ನೀ ನಮ್ಮನ್ ಕರೂದೇ ಇಲ್ಯಲೆ? ಎಂತಕ್ ಸಿಟ್ಟ್?"

ಮುಂದಿನ ಶನಿವಾರ ಅಣ್ಣ ಪಾಳಿ ಬದಲಿಸಿಕೊಂಡು ಬಲೆಯ ಶೆಡ್ಡಿನಲ್ಲಿ ಒಬ್ಬರೇ ಕೂತು ತಮ್ಮ ಕಾರ್ಯಕ್ರಮ ಕೇಳಿದರು. ಸೋಮವಾರ ಬೆಳಿಗ್ಗೆ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದರು. ಪ್ಲಾಂಟಿನಿಂದ ಸೀದಾ ಬಂದಿದ್ದರು, ಪ್ಯಾಂಟು ಮೊಣಕಾಲವರೆಗೆ ಒದ್ದೆ.

"ಕೊಯ್ದದ್ದ್ ಯಾರ್?" ಎಂದರು.

"ಅಣ್ಣ, ಮೇಲಿನವರು ಹೇಳಿದ್ದು, ನಾನು..."

"ಕೊಯ್ದದ್ದ್ ಯಾರ್ ಹೆಣೆ?"

ಹೆಣೆ ಎಂದರೆ ಹುಡುಗಿ. ನಮ್ಮ ಕಡೆ ಸಲಿಗೆಯಲ್ಲೂ ಹೇಳುತ್ತಾರೆ, ಸಿಟ್ಟಲ್ಲೂ ಹೇಳುತ್ತಾರೆ. ಅವರು ನನ್ನನ್ನು ಯಾವತ್ತೂ ತಂಗಿ ಎಂದೇ ಕರೆದವರು. "ನಾನೇ" ಎಂದೆ.

"ಪದ್ಯ ಕೊಯ್, ಅಡ್ಡಿಲ್ಲೆ. ನನ್ನ್ ಮಾತ್ ಕೊಯ್, ಅಡ್ಡಿಲ್ಲೆ. ಕರ್ದದ್ದನ್ನ್ ಕೊಯ್ಯುಕೆ ನೀ ಯಾರ್? ಆ ಅಮ್ಮ ಎಂತ ಹೇಳ್ತ್ ಗೊತ್ತಿತ್ತಾ? 'ಇಡೀ ದಿನ ಹ್ವಾಯ್ ಮೀನ್ ಬೇಕಾ ಅಂದೇಳಿ ಊರಿಗೆಲ್ಲ ನಾನೇ ಕರೂದ್. ನಂಗ್ ಕರೂದ್ ನೀನೊಬ್ನೇ, ಅದೂ ವಾರಕ್ಕೊಂದ್ ಸರ್ತಿ' ಅಂತ್. ಅದನ್ನ್ ಕೊಯ್ದ್ ಬಿಸಾಡಿದ್ಯಲೆ."

ನಾನು ಮತ್ತೆ ಮೇಲಿನವರ ಹೆಸರು ಎತ್ತಿದೆ. ಬಾಯಲ್ಲಿ ಅದೊಂದೇ ಇತ್ತು.

"ಮೇಲಿನವ್ರಿಗ್ ಕತ್ರಿ ಹಿಡುಕ್ ಬತ್ತಿಲ್ಲೆ. ಬಪ್ದ್ ನಿಂಗೆ" ಎಂದರು. ಮೇಜಿನ ಮೇಲೆ ಬೆರಳು ಬಡಿಯಲಿಲ್ಲ, ಸುಮ್ಮನೆ ನನ್ನ ಕೈ ನೋಡಿದರು, ಹೋದರು.

ಇನ್ನು ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಗುರುವಾರ ಸರಿಯಾದ ಹೊತ್ತಿಗೆ ಬಂದರು. ಗಿಟಾರಿನ ತಂತಿ ಜೋಡಿಸಿ, ಮೈಕಿನ ಮುಂದೆ ಕೂತು, ಬಲೆ ಎಳೆಯುವ ಆ ರಿಫ್ ಶುರುಮಾಡಿದರು. ಮೂರನೆಯ ಸುತ್ತಿನಲ್ಲಿ, ಗಿಟಾರ್ ಗುಡುಗುತ್ತಿರುವಾಗಲೇ, ಸರಿಯಾಗಿ ತಾಳದ ಪೆಟ್ಟಿನ ಮೇಲೆ, ಹ್ವಾಯ್! ಎಂದು ಕರೆದರು. ಆ ಕರೆ ತಂತಿಯ ನಾದದ ಒಳಗೆ ಕೂತುಬಿಟ್ಟಿತು. ಶುಕ್ರವಾರ ನಾನು ಕತ್ತರಿಸಿ ನೋಡಿದೆ. ಹೌದು, ಅಷ್ಟಾದ ಮೇಲೂ ಕತ್ತರಿಸಿ ನೋಡಿದೆ. ತಾಳ ಕುಂಟಿತು, ಇಡೀ ರಿಫ್ ಮುರಿದುಬಿತ್ತು. ಹಿಂದಿನಂತೆ ಇಟ್ಟೆ, ಶನಿವಾರ ಹಾಗೆಯೇ ಪ್ರಸಾರವಾಯಿತು.

ನಾಲ್ಕು ಶನಿವಾರ ಹೀಗೆ ನಡೆಯಿತು. ಗುಲ್ವಾಡಿಯ ಕಡೆ ಮೀನು ಮಾರುವ ಆ ಅಮ್ಮ ಫೋನ್ ಮಾಡಿ, "ಮಗ ಸಿಟ್ಟ್ ಬಿಟ್ಟ ಕಾಣ್ತ್" ಎಂದು ನಕ್ಕರು. ಐದನೆಯ ವಾರ ನಿರ್ದೇಶಕರು ಸಭೆ ಕರೆದರು. ಎಲ್ಲರೆದುರು ನನ್ನನ್ನೇ ಕೇಳಿದರು, "ಇದು ಹೇಗೆ ಪ್ರಸಾರವಾಯಿತು ಮೇಡಂ?"

"ತಾಂತ್ರಿಕವಾಗಿ ಕತ್ತರಿಸಲು ಸಾಧ್ಯವಾಗಲಿಲ್ಲ ಸರ್" ಎಂದೆ.

ತಾಂತ್ರಿಕವಾಗಿ! ಅದು ಕತ್ತರಿಸುವ ಮಾತೇ ಅಲ್ಲ ಎಂದು ಹೇಳಲು ಒಂದು ಒಳ್ಳೆಯ ಅವಕಾಶ ಕೈಗೆ ಬಂದಿತ್ತು. ಏಳು ಜನ ಕೂತಿದ್ದರು, ಅದರಲ್ಲಿ ಆರು ಜನ ಮನೆಯಲ್ಲಿ ದಿನಕ್ಕೆ ಹತ್ತು ಸಲ ಹ್ವಾಯ್ ಎನ್ನುವವರು. ಎಲ್ಲರೂ ಚಹಾದ ಲೋಟ ನೋಡುತ್ತಾ ಕೂತೆವು. 'ಕಾರ್ಯಕ್ರಮಗಳ ಮರುವಿನ್ಯಾಸದ ಕಾರಣ' ಶನಿವಾರದ ರಾಕ್ ನಿಂತಿತು. ಆ ಹೊತ್ತಿಗೆ ಆರೋಗ್ಯ ಸಲಹೆ ಬಂತು, ಓದುವವಳು ನಾನೇ. ಅಣ್ಣನಿಗೆ ಫೋನ್ ಮಾಡಿ ತಿಳಿಸುವ ಕೆಲಸವನ್ನೂ ನನಗೇ ಕೊಟ್ಟರು. ಹೇಳಿದೆ. ಅತ್ತ ಯಂತ್ರದ ಸದ್ದು. ಅಡ್ಡಿಲ್ಲೆ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. "ಕೇಂಡ್ತ್", ಕೇಳಿಸಿತು ಎಂದಷ್ಟೇ ಹೇಳಿ ಫೋನ್ ಇಟ್ಟರು.

ಅದಾಗಿ ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಪ್ಲಾಂಟಿನಲ್ಲಿ ಮಂಜುಗಡ್ಡೆ ಎಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆಗೆ ಮುಟ್ಟುವಾಗ ಮುಗಿದಿತ್ತು. ನಾನು ಸುದ್ದಿ ಕೇಳಿ ತ್ರಾಸಿಗೆ ಬಸ್ ಹಿಡಿದೆ. ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಬಟ್ಟೆಯ ಹೊರಗಿದ್ದ ಎಡಗೈಯನ್ನೇ ನೋಡಿದೆ. ನಾಲ್ಕು ಬೆರಳ ತುದಿಗಳು ಹಳದಿಯಾಗಿ, ಗಟ್ಟಿಯಾಗಿ, ಮೊದಲಿನ ಹಾಗೆಯೇ ಇದ್ದವು. ಅತ್ತಿಗೆ ಗೋಡೆಗೊರಗಿ ಕೂತಿದ್ದರು. ನಾನು ಅವರ ಹತ್ತಿರವೂ ಹೋಗದೆ ಹಿಂದೆ ಬಂದೆ. ಅಷ್ಟು ಹೇಡಿ.

ಮಧ್ಯಾಹ್ನದೊಳಗೆ ನಮ್ಮ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ನಿರ್ದೇಶಕರ ಸಂತಾಪ ಬಂದಿತ್ತು. 'ಕರಾವಳಿಯ ಹೆಮ್ಮೆಯ ರಾಕ್ ಕಲಾವಿದ, ನಮ್ಮ ವಾಹಿನಿಯ ಆಸ್ತಿ' ಎಂದು ಬರೆದಿದ್ದರು. ಕೆಳಗೆ ಸಾಲುಸಾಲು ಕೈ ಮುಗಿದ ಚಿತ್ರಗಳು. ನಾನು ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಗೋಡೆಗೆ ಎಸೆಯಬೇಕಿತ್ತು.

ಈಗ ಕಾಲ ಬದಲಾಗಿದೆ. ನಮ್ಮ ಭಾಷೆಗೆ ಭಾಗ್ಯ ಬಂದಿದೆ. ರೀಲ್ಸ್ ಮಾಡುವವರು, ಹಾಸ್ಯ ಮಾಡುವವರು ಎಲ್ಲರಿಗೂ ಕುಂದಾಪ್ರ ಕನ್ನಡವೇ ಬೇಕು. ಅಂಗಡಿಗಳಲ್ಲಿ 'ಹ್ವಾಯ್' ಎಂದು ದೊಡ್ಡದಾಗಿ ಅಚ್ಚು ಹಾಕಿದ ಟೀಶರ್ಟ್ ಸಿಗುತ್ತದೆ. ಭಾಷೆಯ ಹಬ್ಬ ಮಾಡುತ್ತಾರೆ, ಬ್ಯಾನರ್ ಕಟ್ಟುತ್ತಾರೆ. ಸಂತೋಷವೇ. ಆದರೆ ಮೊನ್ನೆ ಅಂಥ ಒಂದು ಟೀಶರ್ಟ್ ಹಾಕಿಕೊಂಡು ನಮ್ಮ ನಿರ್ದೇಶಕರು ಕಚೇರಿಗೆ ಬಂದರು. ಹೊಟ್ಟೆಯ ಮೇಲೆ ಅಡ್ಡಲಾಗಿ, ಕೆಂಪು ಅಕ್ಷರದಲ್ಲಿ, ಹ್ವಾಯ್! ನನಗೆ ನಗಬೇಕೋ ಕಾರಬೇಕೋ ತಿಳಿಯಲಿಲ್ಲ.

"ಮೇಡಂ, ಒಂದು ಒಳ್ಳೆಯ ಯೋಚನೆ ಬಂದಿದೆ. ಶನಿವಾರದ ರಾಕ್ ಕಾರ್ಯಕ್ರಮದವರು ಹ್ವಾಯ್ ಎಂದು ಕರೆಯುತ್ತಿದ್ದರಲ್ಲ, ಅದೇ ನಮ್ಮ ವಾಹಿನಿಯ ಗುರುತಿನ ಧ್ವನಿಯಾಗಲಿ. ಗಂಟೆಗೊಮ್ಮೆ ಹಾಕೋಣ. ಅವರಿಗೂ ಗೌರವ ಸಲ್ಲಿಸಿದ ಹಾಗಾಗುತ್ತದೆ. ಹಳೆಯ ಧ್ವನಿಮುದ್ರಣ ತೆಗೆದುಕೊಡಿ."

ಹಳೆಯ ಧ್ವನಿಮುದ್ರಣ ಇರಲಿಲ್ಲ. ಕಂಪ್ಯೂಟರ್ ಬದಲಿಸುವಾಗ ಹಳೆಯದರಲ್ಲಿದ್ದದ್ದನ್ನು ಇಳಿಸಿಟ್ಟುಕೊಳ್ಳುವ ಕಷ್ಟ ಯಾರೂ ತೆಗೆದುಕೊಂಡಿರಲಿಲ್ಲ. ಅಣ್ಣನ ಕಾರ್ಯಕ್ರಮ ಒಂದೂ ಉಳಿದಿಲ್ಲ, ಆ ಕೊನೆಯ ನಾಲ್ಕೂ ಇಲ್ಲ. ಅವರ ರಿಫ್, ಬಲೆಯ ಪಾಠ, ಮಳೆಗಾಲದ ಹಾಡುಗಳು ಎಲ್ಲ ಹೋದವು. ಈ ಭೂಮಿಯ ಮೇಲೆ ಅವರ ಸ್ವರ ಉಳಿದದ್ದು ಒಂದೇ ಕಡೆ, ನನ್ನ ಪೆನ್‌ಡ್ರೈವಿನ 'ಕಸ'ದಲ್ಲಿ. ಬಿಡುವಿನಲ್ಲಿ ತೆರೆದು ನೋಡಿದ್ದೆ. ಕೆಮ್ಮು, ನಗು, ನೂರಾರು ಟಕ್ ಟಕ್, ಮತ್ತೆ ಎಪ್ಪತ್ತಕ್ಕೂ ಹೆಚ್ಚು ಹ್ವಾಯ್. ಒಂದು ಇನ್ನೊಂದರ ಹಾಗಿಲ್ಲ. ನೆಗಡಿಯ ಹ್ವಾಯ್ ಇದೆ, ನಗುತ್ತಾ ಕರೆದದ್ದಿದೆ, ದಣಿದದ್ದಿದೆ.

"ಇಲ್ಲ ಸರ್" ಎಂದೆ.

"ಅದು ಹೇಗೆ? ಎಡಿಟ್ ಮಾಡುತ್ತಿದ್ದವರು ನೀವೇ ಅಲ್ಲವೇ?"

"ಹೌದು ಸರ್. ನೀವು ತೆಗೆಯಿರಿ ಎಂದಿರಿ, ತೆಗೆದೆ. ಕಸ ಯಾರಾದರೂ ಇಟ್ಟುಕೊಳ್ಳುತ್ತಾರಾ ಸರ್?"

ಅವರ ಮುಖ ಸಣ್ಣದಾಯಿತು. ಹೊಟ್ಟೆಯ ಮೇಲಿನ ಹ್ವಾಯ್ ಮಾತ್ರ ಹಾಗೆಯೇ ನನ್ನನ್ನು ನೋಡುತ್ತಿತ್ತು. ಸುಳ್ಳು ಹೇಳಿದ್ದಕ್ಕೆ ನನಗೆ ಒಂದಿಷ್ಟೂ ಪಶ್ಚಾತ್ತಾಪ ಇಲ್ಲ.

ಮರುದಿನ ರಜೆ ಹಾಕಿ ತ್ರಾಸಿಗೆ ಹೋದೆ. ಅತ್ತಿಗೆ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದರು. ಪೆನ್‌ಡ್ರೈವಿನಲ್ಲಿದ್ದದ್ದನ್ನು ಅವರ ಫೋನಿಗೆ ಹಾಕಿ, ಇದು ಅಣ್ಣನ ಸ್ವರ ಎಂದೆ. ಅವರು ಕೈ ತೊಳೆದು ಬಂದು ಜಗಲಿಯಲ್ಲಿ ಕೂತರು. ಮೊದಲ ಚೂರು ಹಾಕಿದೆ. ಹ್ವಾಯ್!

"ಓ" ಎಂದರು ಅತ್ತಿಗೆ.

ಅಂದದ್ದು ಅವರಿಗೇ ಗೊತ್ತಾಗಲಿಲ್ಲ ಅನ್ನಿಸುತ್ತದೆ. ಕರೆದರೆ ಓಗೊಟ್ಟು ಅಭ್ಯಾಸ. ಎರಡನೆಯದಕ್ಕೂ ಓ ಎಂದರು. ಮೂರನೆಯದಕ್ಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಎಲ್ಲವನ್ನೂ ಕೇಳಿದರು, ಕೆಮ್ಮನ್ನೂ, ಟಕ್ ಟಕ್ಕನ್ನೂ. ಒಂದನ್ನೂ ದಾಟಿಸಲು ಬಿಡಲಿಲ್ಲ.

"ಬರೀ ಕರ್ದದ್ದೇ ಇತ್ತಲೆ. ಮಾತ್ ಎಲ್ಲಿತ್ತ್?" ಎಂದು ಕೇಳಿದರು.

ಹೇಳಿದೆ. ಎಲ್ಲವನ್ನೂ ಹೇಳಿದೆ. ನಿರ್ದೇಶಕರ ಮಾತು, ನನ್ನ ಕತ್ತರಿ, ಸಭೆಯಲ್ಲಿ ಆಡಿದ ತಾಂತ್ರಿಕವಾಗಿ ಎಂಬ ಮಾತು, ಯಾವುದನ್ನೂ ಬಿಡಲಿಲ್ಲ. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಕರೂದ್ ನಿಂತದ್ದ್ ನಂಗ್ ಗೊತ್ತಾಯ್ತ್. ಅವ್ರೇ ಬಿಟ್ರ್ ಅಂದ್ಕಂಡಿದ್ದೆ. ಪ್ಯಾಟಿ ಜನ್ರ್ ಸಂಗ್ತಿ ಸೇರಿ ಈಗ ಇವ್ರಿಗ್ ನಾಚ್ಕಿ ಆಪುಕ್ ಸುರು ಆಯ್ತ್ ಅಂದ್ಕಂಡ್ ನಾ ಕೇಂಬುಕೂ ಹೋಯ್ಲಿಲ್ಲೆ. ಒಂದೂವರಿ ವರ್ಸ ಮನಸ್ಸಂಗೆ ಅವ್ರನ್ನ್ ಬೈದೆ ನಾ" ಎಂದರು.

ಇದನ್ನು ನಾನು ಎಣಿಸಿರಲಿಲ್ಲ. ಆ ಮನುಷ್ಯ ನಾಚಿಕೆಯೇ ಗೊತ್ತಿಲ್ಲದವರು. ನನ್ನ ನಾಚಿಕೆಯನ್ನು ಅವರ ಹೆಂಡತಿ ಅವರದ್ದು ಎಂದು ತಿಳಿದು ಬೈದುಕೊಂಡರು, ಅವರಿಗೆ ಅದು ಗೊತ್ತೇ ಆಗಲಿಲ್ಲ. ನಾನು ತಪ್ಪಾಯಿತು ಅತ್ತಿಗೆ ಎಂದೆ. ಅವರು ತಲೆ ಅಲ್ಲಾಡಿಸಲಿಲ್ಲ, ಇರಲಿ ಬಿಡು ಎನ್ನಲಿಲ್ಲ. ಎದ್ದು ಮೀನಿನ ಹತ್ತಿರ ಹೋಗುತ್ತಾ, "ಕೊಯ್ದದ್ದ್ ನೀ ಅಲ್ದಾ? ಹಂಗಾರೆ ಸೇರ್ಸುದೂ ನೀನೇ" ಎಂದರು.

ಯಾವುದಕ್ಕೆ ಸೇರಿಸಲಿ? ಕಾರ್ಯಕ್ರಮಗಳೇ ಇಲ್ಲ. ಬಸ್ಸಿನಲ್ಲಿ ಬರುತ್ತಾ ಅದನ್ನೇ ಯೋಚಿಸಿದೆ. ಅಣ್ಣನ ಸ್ವರವನ್ನು ನಿರ್ದೇಶಕರ ಗಂಟೆಗೊಮ್ಮೆಯ ಗುರುತಿನ ಧ್ವನಿಗೆ ಕೊಡುವುದಿಲ್ಲ ಎಂಬುದೊಂದು ಖಂಡಿತವಾಗಿತ್ತು. ಮತ್ತೆ ಏನು ಎಂದು ಹೊಳೆಯಲಿಲ್ಲ.

ಶನಿವಾರ ಬಂತು. ಆರೋಗ್ಯ ಸಲಹೆ ಓದಿ ಧ್ವನಿಮುದ್ರಿಸಬೇಕಿದ್ದ ಗುರುವಾರ ನಾನು ತ್ರಾಸಿಯಲ್ಲಿದ್ದೆ, ಶುಕ್ರವಾರ ಸ್ಟುಡಿಯೋ ಬಿಡುವಾಗಲಿಲ್ಲ, ಹಾಗಾಗಿ ನೇರವಾಗಿ ಓದುವುದೊಂದೇ ದಾರಿ. ಆರು ಗಂಟೆಗೆ ಮೈಕಿನ ಮುಂದೆ ಕೂತೆ. ಕೈಯಲ್ಲಿ ಹಾಳೆ, 'ಆತ್ಮೀಯ ಶ್ರೋತೃಗಳೇ, ನಮಸ್ಕಾರ' ಎಂದು ಮೊದಲ ಸಾಲು. ಕೆಂಪು ದೀಪ ಹೊತ್ತಿತು. ತರಗತಿಯ ಆ ನಗು ಕಿವಿಯಲ್ಲಿ ಕೇಳುತ್ತಿತ್ತು. ಹಾಳೆ ಮಡಚಿ ಪಕ್ಕಕ್ಕಿಟ್ಟೆ.

"ಹ್ವಾಯ್" ಎಂದೆ. "ಎಂತ ಮಾಡ್ತಿದ್ರಿ?"

ಮುಂದೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಹತ್ತು ಸೆಕೆಂಡು ಹಾಗೇ ಮೌನ ಹೋಯಿತು, ರೇಡಿಯೋದಲ್ಲಿ ಅದು ದೊಡ್ಡ ಅಪರಾಧ. ಆಗ ಫೋನ್ ಹೊಡೆದುಕೊಂಡಿತು. ನಾನು ಅದನ್ನು ಸೀದಾ ಗಾಳಿಗೆ ಬಿಟ್ಟೆ. ಗುಲ್ವಾಡಿಗೆ ಮೀನು ಹೊರುವ ಅದೇ ಅಮ್ಮ.

"ಓ! ಯಾರಪ್ಪ ಅದ್, ಕರ್ದದ್ದ್?" ಎಂದರು. ನಾನು ಯಾರೆಂದು ಹೇಳುವ ಮೊದಲೇ ಗದರಿದರು. "ಅಷ್ಟ್ ಸಣ್ಣ ಸ್ವರ್ದಂಗೆ ಕರ್ದ್ರೆ ಯಾರಿಗ್ ಕೇಂಬುದ್ ಮಾರಾಯ್ತಿ? ಗಟ್ಟಿ ಕರಿ."